ವಿಶ್ವಸಂಸ್ಥೆಯ ಶಾಂತಿ ಪದಕ: ಯಾರಿಗೆ, ಏಕೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಡೆ ಪೊಲೀಸರ ಎದೆಯ ಮೇಲಿನ ಪದಕವೆಂದರೆ ಮುಖ್ಯಮಂತ್ರಿಗಳದ್ದು, ಇಲ್ಲವೇ ರಾಷ್ಟ್ರಪತಿಗಳದ್ದು ಎಂದೇ ನಾವು ತಿಳಿಯುತ್ತೇವೆ. ವಿಶ್ವಸಂಸ್ಥೆಯೂ ಪೊಲೀಸರಿಗೆ ಪದಕ ನೀಡುತ್ತದೆ. ಇದು ಶೌರ್ಯ ಪದಕವಲ್ಲ. ಪರದೇಶದ ಶಾಂತಿಪಾಲನೆಯಲ್ಲಿ ಸಾಮಾನ್ಯವಾಗಿ 90 ದಿನಗಳ ಸೇವೆ ಪೂರೈಸಿದವರಿಗೆ ಸಲ್ಲುವಂಥದ್ದು. ಕಿರಿಯರಿಗೂ ಮೇಲಧಿಕಾರಿಗಳಿಗೂ ಒಂದೇ ಕಂಚಿನ ಪದಕ. ಇದು ನಮಗೆ ಬಹಳ ಹಿಡಿಸಿದ ಸಂಗತಿ.

2007ರಲ್ಲಿ ಲೈಬೀರಿಯಕ್ಕೆ ತೆರಳಿದ ನಮ್ಮ ಸಿಆರ್‌ಪಿಎಫ್ ತುಕಡಿ, ಮಹಿಳೆಯರೇ ತುಂಬಿದ್ದ ವಿಶ್ವಸಂಸ್ಥೆಯ ಮೊದಲ ಪೊಲೀಸ್ ಪಡೆ. ಯುದ್ಧದಿಂದ ನಲುಗಿದ್ದ ಮನ್ರೋವಿಯಾದಲ್ಲಿ ಅವರು ರಾತ್ರಿ ಗಸ್ತು ತಿರುಗಿದರು. ತಂಡಗಳು ಬದಲಾಗುತ್ತಾ 2016ರವರೆಗೂ ಈ ಸೇವೆ ನಡೆಯಿತು. ಅವರನ್ನು ಕಂಡು ಅಲ್ಲಿನ ಹೆಣ್ಣುಮಕ್ಕಳೂ ಪೊಲೀಸ್ ಸೇರಿದರು.

ಸೇವೆಯಲ್ಲೇ ಪ್ರಾಣ ತೆತ್ತವರಿಗೆ ಡಾಗ್ ಹ್ಯಾಮರ್‌ಶೋಲ್ಡ್ ಪದಕವಿದೆ. ಅದು ಮನೆಯವರ ಕೈ ಸೇರುತ್ತದೆ.