ಚಳಿ ಹೋದ ಮೇಲಿನ ಕೈತೋಟಕ್ಕೆ ನಾಟಿ ಬೀಜ

ಸಂಕ್ರಾಂತಿ ಕಳೆಯಿತು. ರಾಗಿ ಕಣದ ಕೆಲಸ ಮುಗಿದು, ಸೊಗಡಿನ ಅವರೆಕಾಯಿಯೂ ಸಂತೆಯಲ್ಲಿ ಕಡಿಮೆಯಾಗುತ್ತಾ ಬಂದಿದೆ. ಹಿತ್ತಲು ಬರಿದಾಗಿ ಬಿದ್ದಿದೆ. ಶಿವರಾತ್ರಿಯ ಹೊತ್ತಿಗೆ ಚಳಿ ಬಿಟ್ಟು, ಯುಗಾದಿಗೆ ಬೇವು ಚಿಗುರುವ ಈ ಎರಡು ಮೂರು ತಿಂಗಳೇ ನಮ್ಮ ಸೀಮೆಯ ವಸಂತ. ಈಗ ಬೀಜ ಹಾಕಿದರೆ ಏಪ್ರಿಲ್, ಮೇ ತಿಂಗಳಲ್ಲಿ ತರಕಾರಿಯ ಬೆಲೆ ಏರಿದಾಗಲೂ ಮನೆಯ ಸಾರಿಗೆ ಕೊರತೆಯಾಗದು. ಈ ಸಲ ಅಂಗಡಿಯ ಪೊಟ್ಟಣದ ಬದಲು ನಾಟಿ ಬೀಜದಿಂದಲೇ ಕೈತೋಟ ಮಾಡುವುದು ಹೇಗೆಂದು ನೋಡೋಣ.

ಬೀಜದಲ್ಲಿ ಮೂರು ಬಗೆ ಇರುವುದನ್ನು ಮೊದಲು ತಿಳಿಯಬೇಕು. ನಮ್ಮ ಹಿರಿಯರು ವರ್ಷ ವರ್ಷ ಕಾಯ್ದುಕೊಂಡು ಬಂದದ್ದು ನಾಟಿ ಬೀಜ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಪೆರಿಯಕುಳಂನ ಪಿ.ಕೆ.ಎಂ. 1 ಟೊಮೇಟೊ ಮುಂತಾದವು ಸುಧಾರಿತ ತಳಿಗಳು. ಇವೆರಡರಿಂದಲೂ ಬೀಜ ತೆಗೆದು ಮರುವರ್ಷ ಹಾಕಿದರೆ ಅದೇ ಗುಣ ಬರುತ್ತದೆ. ಮೂರನೆಯದು ಹೈಬ್ರಿಡ್. ಇದರ ಕಾಯಿಯಿಂದ ಬೀಜ ತೆಗೆದು ಹಾಕಿದರೆ ಗಿಡಗಳು ಒಂದೊಂದು ಒಂದೊಂದು ತರಹ ಬರುತ್ತವೆ. ಹಾಗೆಂದು ಹೈಬ್ರಿಡ್ ಬೀಜವನ್ನು ನಾವು ವಿಷವೆಂದು ಹೇಳುವುದಿಲ್ಲ. ರಾಯಕೋಟೆಯ ಮಂಡಿಗೆ ಕ್ರೇಟುಗಟ್ಟಲೆ ಟೊಮೇಟೊ ಸಾಗಿಸುವ ರೈತನಿಗೆ ಒಂದೇ ಅಳತೆಯ, ದಪ್ಪ ಸಿಪ್ಪೆಯ ಹಣ್ಣು ಬೇಕು. ಅವನ ಲೆಕ್ಕ ಬೇರೆ. ಮನೆಯ ಹಿತ್ತಲಿಗೆ ಬೇಕಾದದ್ದು ಒಂದೇ ದಿನ ಕುಯ್ಲಿಗೆ ಬರುವ ಬೆಳೆಯಲ್ಲ, ಎರಡು ತಿಂಗಳು ದಿನಕ್ಕೆ ನಾಲ್ಕು ಕಾಯಿ ಕೊಡುವ ಗಿಡ. ಆ ಗುಣ ನಾಟಿ ತಳಿಯಲ್ಲಿದೆ. ಬಸ್ಸಾರಿಗೆ ಬೇಕಾದ ಹುಳಿಯೂ ನಾಟಿ ಟೊಮೇಟೊದಲ್ಲೇ ಇರುವುದು.

ಅಂಗಡಿ ಬೀಜಕ್ಕೆ ಕೆಂಪು, ನೀಲಿ ಬಣ್ಣ ಬಳಿದಿದ್ದರೆ ಅದು ಬೂಷ್ಟು ತಡೆಯುವ ಔಷಧಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಉಳಿದ ಬೀಜವನ್ನು ಮಕ್ಕಳ ಕೈಗೆ, ಕೋಳಿಯ ಬಾಯಿಗೆ ಸಿಗದಂತೆ ಇಡಿ.

ನಾಟಿ ಬೀಜ ಎಲ್ಲಿ ಸಿಗುತ್ತದೆ? ಥಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಹಳ್ಳಿಗಳಲ್ಲಿ ವಯಸ್ಸಾದ ತಾಯಂದಿರನ್ನು ಕೇಳಿ. ಬೂದಿ ತುಂಬಿದ ಗಡಿಗೆಯಲ್ಲೋ, ಸೂರಿಗೆ ಕಟ್ಟಿದ ಒಣ ಸೋರೆ ಬುರುಡೆಯಲ್ಲೋ, ಗೋಡೆಗೆ ಬಡಿದ ಸಗಣಿಯ ಬಿಲ್ಲೆಯಲ್ಲೋ ಬೀಜ ಇನ್ನೂ ಇರಬಹುದು. ಆದರೆ ಅಜ್ಜಿ ತೀರಿಕೊಂಡ ಮೇಲೆ ಆ ಗಡಿಗೆಯಲ್ಲಿ ಇರುವುದೇನೆಂದು ಯಾರಿಗೂ ತಿಳಿಯದೆ ತಿಪ್ಪೆಗೆ ಹೋದ ಬೀಜ ಎಷ್ಟೋ. ಒಂದು ಮನೆಯಲ್ಲಿ ಮಾತ್ರ ಉಳಿದಿದ್ದ ತಳಿ ಆ ಮನೆಯಲ್ಲಿ ಹೋದರೆ ಊರಿಗೇ ಹೋದಂತೆ. ಹಣ ಕೊಟ್ಟು ತರಲು ಅದಕ್ಕೆ ಅಂಗಡಿ ಇಲ್ಲ. 1990ರ ದಶಕದಲ್ಲಿ ವನಜಾ ರಾಮಪ್ರಸಾದ್ ಅವರ ಗ್ರೀನ್ ಫೌಂಡೇಶನ್ ಇದನ್ನು ಮನಗಂಡು ನಮ್ಮ ಥಳಿ ಸುತ್ತಿನ ಹಳ್ಳಿಗಳಲ್ಲಿ ಹಳೆಯ ತಳಿಗಳನ್ನು ಉಳಿಸುವ ಕೆಲಸಕ್ಕೆ ಕೈಹಾಕಿತು. ಹೆಂಗಸರೇ ನಡೆಸುವ ಬೀಜ ಬ್ಯಾಂಕುಗಳು ಆ ಸಂಸ್ಥೆಯ ಕೆಲಸದಿಂದ ಹುಟ್ಟಿದವು. 2004ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು. ಇನ್ನು ಕಾನೂನಿನ ಅಂಜಿಕೆ ಬೇಡ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ರೈತನು ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಕಂಪನಿಯ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ.

ಬೀಜ ಸಿಕ್ಕ ಕೂಡಲೇ ಮಣ್ಣಿಗೆ ಹಾಕಬೇಡಿ. 20 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಆರದಂತೆ ಒಂದು ವಾರ ನೋಡಿ. 14ಕ್ಕಿಂತ ಹೆಚ್ಚು ಮೊಳೆತರೆ ಒಳ್ಳೆಯದು. ಹತ್ತರ ಹತ್ತಿರ ಇದ್ದರೆ ಸ್ವಲ್ಪ ಒತ್ತಾಗಿ ಹಾಕಬೇಕು. ಅದಕ್ಕೂ ಕಡಿಮೆಯಾದರೆ ಬೇರೆಯವರನ್ನು ಕೇಳಿ. ಆದರೂ ಆ ತಳಿ ಅಪರೂಪದ್ದಾದರೆ ಮೊಳೆತ ನಾಲ್ಕನ್ನೇ ಜೋಪಾನವಾಗಿ ನೆಡಿ. ಹಾಗಲ, ಸೋರೆ, ಪಡವಲದ ಬೀಜದ ಸಿಪ್ಪೆ ಗಟ್ಟಿ. ಅವನ್ನು ಒಂದು ರಾತ್ರಿ ನೀರಲ್ಲಿ ನೆನೆಸಬೇಕು.

ಯಾವ ತರಕಾರಿ ಎಂಬುದು ನಿಮ್ಮ ಊರಿನ ಎತ್ತರದ ಮೇಲೆ ನಿಂತಿದೆ. ಹಳೆಯ ಸೇಲಂ ಜಿಲ್ಲೆಯ ಕಾಲದಲ್ಲಿ ಹೊಸೂರನ್ನು ಬಾಲಾಘಾಟ್ ಎಂದೂ, ಕೃಷ್ಣಗಿರಿಯ ಕಡೆಯನ್ನು ಬಾರಾಮಹಲ್ ಎಂದೂ ಕರೆಯುತ್ತಿದ್ದರು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಕೃಷ್ಣಗಿರಿ 500ರ ಆಸುಪಾಸು. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯಾದರೂ ಬೇಸಿಗೆಯ ಸೆಕೆ ಬೇರೆಯೇ. ಟೊಮೇಟೊ ಮತ್ತು ಹುರುಳಿಕಾಯಿ ಬಿಸಿಲು 35 ಡಿಗ್ರಿ ದಾಟಿದರೆ ಹೂವು ಉದುರಿಸುತ್ತವೆ. ಮತ್ತಿಗಿರಿ, ಬಾಗಲೂರು, ಕೆಲಮಂಗಲದವರು ಫೆಬ್ರವರಿಯಲ್ಲಿ ಇವನ್ನು ಧೈರ್ಯವಾಗಿ ಹಾಕಬಹುದು. ಘಾಟಿ ಇಳಿದ ಮೇಲಿನವರು ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಸೋರೆ, ಬದನೆಗಳನ್ನೇ ನಂಬುವುದು ಒಳ್ಳೆಯದು. ನಾಟಿ ಅವರೆಯನ್ನು ಮಾತ್ರ ಈಗ ಯಾರೂ ಹಾಕಬೇಡಿ. ಹಗಲು ಕಿರಿದಾಗುವ ಕಾಲ ಬಂದರೆ ಮಾತ್ರ ಅದು ಹೂ ಬಿಡುವುದು. ಈಗ ಬಿತ್ತಿದರೆ ಬಳ್ಳಿ ಸೊಂಪಾಗಿ ಹಬ್ಬೀತು, ಕಾಯಿ ಸಿಗದು. ಅದರ ಬೀಜವನ್ನು ಮುಂಗಾರಿಗೆ ಇಟ್ಟುಕೊಳ್ಳಿ.

ಜಾಗದ ವಿಷಯಕ್ಕೆ ಬರೋಣ. 20 ಅಡಿ ಉದ್ದ, 15 ಅಡಿ ಅಗಲದ ಹಿತ್ತಲು ಒಂದು ಸಂಸಾರಕ್ಕೆ ಧಾರಾಳ. ಓಡಾಡುವ ದಾರಿ ಬಿಟ್ಟರೆ 200 ಚದರಡಿ ಮಡಿ ಸಿಗುತ್ತದೆ. ಇದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 75ರಿಂದ 95 ಲೀಟರ್, ಅಂದರೆ ಆರರಿಂದ ಎಂಟು ಕೊಡ ನೀರು ಬೇಕು. ಅಷ್ಟು ನೀರಿಲ್ಲದವರು ತೋಟವನ್ನು ಅರ್ಧ ಮಾಡಿಕೊಳ್ಳಲಿ. ನೀರಿಗೆ ಮೀರಿ ಹಾಕಿದ ಗಿಡ ಏಪ್ರಿಲ್‌ನಲ್ಲಿ ಒಣಗುತ್ತದೆ. ಪಾತ್ರೆ, ಅಕ್ಕಿ ತೊಳೆದ ನೀರನ್ನು ಬಳ್ಳಿಯ ಗುಣಿಗೆ ತಿರುಗಿಸಬಹುದು. ಒಣ ರಾಗಿ ಹುಲ್ಲನ್ನೋ ಹೊಂಗೆ ಎಲೆಯನ್ನೋ ಬುಡಕ್ಕೆ ಹೊದಿಸಿದರೆ ದಿನ ಬಿಟ್ಟು ದಿನ ನೀರು ಹಾಕಿದರೂ ನಡೆಯುತ್ತದೆ. ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ಪಾಳಿ ಕೆಲಸಕ್ಕೆ ಹೋಗುವವರ ಮನೆಗಳಲ್ಲಿ ಈ ಹೊದಿಕೆ ತುಂಬ ಉಪಕಾರಿ.

ಚಪ್ಪರವನ್ನು ಪಡುವಣ ಬದಿಗೆ ಹಾಕಿರಿ. ಎತ್ತರದ ಗಿಡಗಳು ಬಡಗಣಕ್ಕೆ ಇರಬೇಕೆಂದು ಕೆಲವು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅದು ತಣ್ಣನೆಯ ದೇಶಗಳ ಮಾತು. ನಮ್ಮಲ್ಲಿ ಏಪ್ರಿಲ್ ಕೊನೆಯ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಗಿಡವನ್ನು ಬಾಡಿಸುವುದು ಮೂರು ಗಂಟೆಯ ಪಡುವಣ ಬಿಸಿಲು. ಅದಕ್ಕೆ ಚಪ್ಪರದ ನೆರಳು ಅಡ್ಡವಾದರೆ ಸೊಪ್ಪಿನ ಮಡಿಗಳು ಉಳಿಯುತ್ತವೆ. ಚಪ್ಪರದ ಕೆಳಗೆ ಎಂಟು ಅಡಿ ದೂರದಲ್ಲಿ, ಒಂದೂವರೆ ಅಡಿ ಆಳದ ಎರಡು ಗುಣಿ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ, ಒಂದರಲ್ಲಿ ಸೋರೆ, ಇನ್ನೊಂದರಲ್ಲಿ ಹೀರೆ ಹಾಕಿ. ನಾಲ್ಕು ಬೀಜ ಹಾಕಿ ಗಟ್ಟಿಯಾದ ಎರಡನ್ನು ಉಳಿಸಿಕೊಳ್ಳಿ. ಬೆಂಡೆಗೆ ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದಡಿ. ಇಪ್ಪತ್ತು ಗಿಡ ಸಾಕು. ಬದನೆ, ಮೆಣಸಿನ ಒಟ್ಲು ಈಗಲೇ ಹಾಕಿದರೆ ಐದಾರು ವಾರಕ್ಕೆ ಸಸಿ ಕೀಳಬಹುದು. ಆರಾರು ಗಿಡ ಇರಲಿ. ದಂಟು, ಕೀರೆಗಳನ್ನು ಹದಿನೈದು ದಿನಕ್ಕೊಂದು ಮಡಿಯಂತೆ ಚೆಲ್ಲಿದರೆ ತಪಸ್ಸುಕಾಲ ಪೂರ್ತಿ ಸೊಪ್ಪು ಸಿಗುತ್ತದೆ. ದಿನಕ್ಕೆ ಒಬ್ಬರು 400 ಗ್ರಾಂ ತರಕಾರಿ, ಸೊಪ್ಪು ತಿನ್ನಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದೆ. ನಮ್ಮ ಮನೆಗಳಲ್ಲಿ ಮುದ್ದೆಯ ಗಾತ್ರ ದೊಡ್ಡದು, ಪಲ್ಯ ಒಂದು ಸೌಟು.

ಈಗ ಮುಖ್ಯ ವಿಷಯ. ಬಹಳಷ್ಟು ಮನೆಗಳಲ್ಲಿ ಒಳ್ಳೆಯ ಕಾಯನ್ನೆಲ್ಲ ಕಿತ್ತು ತಿಂದು, ಕೊನೆಗೆ ಸೊಟ್ಟಗಾಗಿ, ಹುಳ ಬಿದ್ದು ಉಳಿದದ್ದನ್ನು ಬೀಜಕ್ಕೆ ಬಿಡುತ್ತಾರೆ. ಹೀಗೆ ನಾಲ್ಕಾರು ವರ್ಷ ಮಾಡಿದರೆ ತಳಿಯೇ ಕೆಡುತ್ತದೆ. ಆಮೇಲೆ "ನಾಟಿ ಬೀಜ ಇಳುವರಿ ಕೊಡುವುದಿಲ್ಲ" ಎಂದು ದೂರುವುದು! ಬೀಜದ ಗಿಡವನ್ನು ಮೊದಲೇ ಆರಿಸಬೇಕು. ಬೆಂಡೆಯ ಸಾಲಿನ ನಡುವೆ ರೋಗವಿಲ್ಲದ, ಬೇಗ ಕಾಯಿ ಹಿಡಿದ ಐದಾರು ಗಿಡಕ್ಕೆ ಬಣ್ಣದ ಬಟ್ಟೆ ಕಟ್ಟಿ, ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ. ಎಲೆಯ ನರ ಹಳದಿಯಾಗುವ ನಂಜು ಬಂದ ಗಿಡವನ್ನು ಕಿತ್ತು ಸುಡಿ. ಬಳ್ಳಿಯಲ್ಲಿ ಬಲಿಯುವ ಕಾಯಿ ಇದ್ದರೆ ಹೊಸ ಪಿಂದೆ ಕಡಿಮೆಯಾಗುತ್ತದೆ. ಆದುದರಿಂದ ಸೋರೆಯ ಎರಡು ಬಳ್ಳಿಯಲ್ಲಿ ಒಂದನ್ನು ತಿನ್ನಲು, ಇನ್ನೊಂದನ್ನು ಬೀಜಕ್ಕೆ ಎಂದು ಹಂಚಿಕೊಳ್ಳುವುದು ಮೇಲು. ಏಪ್ರಿಲ್ ಮೊದಲಿಗೆ ಕಚ್ಚಿದ ಕಾಯನ್ನು ಬಿಟ್ಟರೆ ಮುಂಗಾರು ಹಿಡಿಯುವ ಮುಂಚೆ ಒಣಗುತ್ತದೆ. ತಡವಾಗಿ ಬಿಟ್ಟದ್ದು ಮಳೆಗೆ ಸಿಕ್ಕಿ ಕೊಳೆಯುತ್ತದೆ.

ಟೊಮೇಟೊ, ಅಲಸಂದೆ, ಹುರುಳಿಕಾಯಿಗಳ ಹೂವು ತನ್ನಲ್ಲೇ ಪರಾಗ ಮುಗಿಸಿಕೊಳ್ಳುತ್ತದೆ. ಬೆರಕೆಯ ಭಯ ಕಡಿಮೆ. ಬದನೆ, ಮೆಣಸು, ಬೆಂಡೆಯಲ್ಲಿ ಜೇನುನೊಣ ಅಷ್ಟಿಷ್ಟು ಬೆರಕೆ ಮಾಡುತ್ತದೆ. ಒಂದು ಹಿತ್ತಲಿಗೆ ಒಂದೇ ತಳಿ ಹಾಕಿ, ಹೂ ಬಿಡುವ ಮುಂಚೆ ಆ ರೆಂಬೆಗೆ ಹಳೆಯ ಸೊಳ್ಳೆ ಪರದೆಯ ಚೀಲ ಕಟ್ಟಿದರೆ ಸಾಕು. ಸೋರೆಯಲ್ಲಿ ಮಾತ್ರ ಎಚ್ಚರ ಹೆಚ್ಚು ಬೇಕು. ಬೇಲಿಯ ಮೇಲೆ ತಾನಾಗಿ ಬೆಳೆಯುವ ಕಹಿ ಸೋರೆಯ ಪರಾಗ ನಿಮ್ಮ ಹೂವಿಗೆ ತಗುಲಿದರೆ ಆ ವರ್ಷದ ಕಾಯಿ ಸಿಹಿಯಾಗಿಯೇ ಇರುತ್ತದೆ, ರುಚಿ ನೋಡಿದರೂ ತಿಳಿಯದು. ಅದರ ಬೀಜದಿಂದ ಮುಂದಿನ ವರ್ಷ ಬರುವ ಕಾಯಿ ಕಹಿಯಾಗುತ್ತದೆ. ಇದಕ್ಕೆ ಉಪಾಯ ಸುಲಭ. ಸೋರೆಯ ಹೂ ಸಾಯಂಕಾಲ ಅರಳುತ್ತದೆ. ಅಂದು ಅರಳಲಿರುವ ಒಂದು ಹೆಣ್ಣು ಮೊಗ್ಗು (ಕೆಳಗೆ ಪುಟ್ಟ ಪಿಂದೆ ಇರುತ್ತದೆ) ಮತ್ತು ಎರಡು ಗಂಡು ಮೊಗ್ಗುಗಳ ತುದಿಯನ್ನು ಮಧ್ಯಾಹ್ನವೇ ದಾರದಿಂದ ಮೆಲ್ಲಗೆ ಕಟ್ಟಿ. ಸಂಜೆ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿನ ನಡುವಿಗೆ ಸವರಿ, ಮತ್ತೆ ಕಟ್ಟಿಬಿಡಿ. ತೊಟ್ಟಿಗೆ ಬಟ್ಟೆಯ ಗುರುತು ಹಾಕಿ. ಹೀರೆಯೂ ಸಂಜೆಯೇ ಅರಳುವುದು. ಕುಂಬಳ, ಹಾಗಲ, ಸೌತೆಗಳು ಬೆಳಿಗ್ಗೆ.

ಕಹಿ ಸೋರೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಹಸಿ ಸೋರೆಕಾಯಿ ರಸ ಕುಡಿಯುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ. ಕಹಿಯಾದ ಸೋರೆಯ ರಸ ಕುಡಿದು ಜನ ಸತ್ತದ್ದೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ, ಅದರ ವರದಿ 2012ರಲ್ಲಿ ಪ್ರಕಟವಾಯಿತು. ಕಾಯಿ ಹೆಚ್ಚುವ ಮುಂಚೆ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗುಳಿ, ಇಡೀ ಕಾಯನ್ನು ಎಸೆಯಿರಿ. ಬೇಯಿಸಿದರೆ ಆ ಕಹಿ ಹೋಗುವುದಿಲ್ಲ. ಔಷಧಿಯೆಂದು ಕಣ್ಣು ಮುಚ್ಚಿ ನುಂಗುವುದಂತೂ ಕೂಡದು. ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಸೌತೆಕಾಯಿಗೂ ಇದೇ ಮಾತು. ಹಾಗಲದ ಕಹಿ ಬೇರೆ, ಅದಕ್ಕೆ ಹೆದರಬೇಕಿಲ್ಲ. ಕಹಿ ಕಾಯಿ ಬಿಟ್ಟ ಬಳ್ಳಿಯಿಂದ ಒಂದು ಬೀಜವನ್ನೂ ಇಡಬೇಡಿ.

ಬೀಜ ತೆಗೆಯುವ ಕೆಲಸ ಕಷ್ಟದ್ದಲ್ಲ. ಬೆಂಡೆಯ ಕಾಯಿ ಗಿಡದಲ್ಲೇ ಒಣಗಿ ಬಿರಿಯಬೇಕು. ಬದನೆ ಹಳದಿಯಾಗಿ ಮೆತ್ತಗಾಗುವ ತನಕ ಬಿಡಿ. ಹಣ್ಣು ಟೊಮೇಟೊದ ಬೀಜವನ್ನು ರಸದೊಂದಿಗೆ ಹಿಂಡಿ ಒಂದೆರಡು ದಿನ ಹುಳಿಯಲು ಬಿಟ್ಟರೆ ಲೋಳೆ ಬಿಡುತ್ತದೆ. ತೊಳೆದು, ತಳದಲ್ಲಿ ಮುಳುಗಿದ ಬೀಜವನ್ನು ಮಾತ್ರ ಇಟ್ಟುಕೊಳ್ಳಿ. ಸೋರೆಯನ್ನು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಒಂದು ಬುರುಡೆಯಲ್ಲಿ ನೂರಾರು ಬೀಜವಿರುತ್ತದೆ, ಒಂದು ಬೀದಿಗೇ ಸಾಕು. ಮೊದಲು ನೆರಳಲ್ಲಿ, ಆಮೇಲೆ ಬೆಳಗಿನ ಎಳೆ ಬಿಸಿಲಲ್ಲಿ ಒಣಗಿಸಿ. ಮಧ್ಯಾಹ್ನದ ತಾರಸಿಯ ಮೇಲೆ ಹರವಿದರೆ ಬೀಜದ ಜೀವ ಹೋಗುತ್ತದೆ. ಸೋರೆ, ಹೀರೆಯ ಬೀಜ ಬಗ್ಗದೆ ಪಟ್ಟೆಂದು ಮುರಿದರೆ ಒಣಗಿತೆಂದು ಅರ್ಥ. ಒಣ ಬೂದಿ ಬೆರೆಸಿ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಒಂದು ತುಂಡು ಇದ್ದಿಲು ಹಾಕಿ, ಒಲೆಯಿಂದ ದೂರ, ತಂಪಾದ ಕತ್ತಲೆ ಮೂಲೆಯಲ್ಲಿ ಇಡಿ. ಅಲಸಂದೆಗೆ ಸ್ವಲ್ಪ ಹರಳೆಣ್ಣೆ ಸವರಿದರೆ ಹುಳ ಬೀಳುವುದಿಲ್ಲ. ಮೆಣಸು, ಬೆಂಡೆ ಎರಡು ವರ್ಷ ಇರುತ್ತವೆ. ಬದನೆ, ಟೊಮೇಟೊ, ಸೋರೆ ನಾಲ್ಕು ವರ್ಷ ತಾಳುತ್ತವೆ.

ಬೀಜವನ್ನು ಒಂದೇ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಇಲಿಯೋ ಮಳೆಯೋ ಒಂದು ಮನೆಯದನ್ನು ಕಳೆದರೂ ಇನ್ನೊಂದು ಮನೆಯಲ್ಲಿ ಉಳಿದಿರಬೇಕು. ಎರಡು ಮನೆಗಾದರೂ ಕೊಡಿ, ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಇದಕ್ಕೆ ಹತ್ತು ನಿಮಿಷ ಸಾಕು. ಕೊಡುವಾಗ ಪೊಟ್ಟಣದ ಮೇಲೆ ತರಕಾರಿಯ ಹೆಸರು, ಯಾವ ಊರಿನಿಂದ, ಯಾರ ಮನೆಯಿಂದ ಬಂದದ್ದು, ಯಾವ ತಿಂಗಳು ತೆಗೆದದ್ದು ಎಂಬ ನಾಲ್ಕು ಮಾತನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ.