ಗಬ್ಬದ ಆಡಿನ ಹಾಲು: ಎಲ್ಲಿಯವರೆಗೆ ಹಿಂಡಬೇಕು?

ಆಡು ಬಡವರ ಆಕಳು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಊರುಗಳಲ್ಲಿ ಎಮ್ಮೆ ಕಟ್ಟಲಾಗದ ಮನೆಯ ಮುಂದೆಯೂ ಎರಡು ಆಡುಗಳಿರುತ್ತವೆ. ಚಹಾಕ್ಕೂ ಕೂಸಿಗೂ ಅದೇ ಹಾಲು. ಬಿತ್ತನೆ ಬೀಜಕ್ಕೆ, ಆಸ್ಪತ್ರೆಯ ಖರ್ಚಿಗೆ ಅದರ ಮರಿಯೇ ಹಣ. ಹಾಲೂ ಬೇಕು, ಮರಿಯೂ ಬೇಕು. ಆದ್ದರಿಂದಲೇ ಆಡು ಸಾಕಿದವರೆಲ್ಲರಿಗೂ ಒಂದು ಪ್ರಶ್ನೆ ಎದುರಾಗುತ್ತದೆ: ಆಡು ಗಬ್ಬಾದ ಮೇಲೆ ಹಾಲು ಹಿಂಡಬಹುದೇ?

ಈ ವಿಷಯದಲ್ಲಿ ಎರಡು ತಪ್ಪು ರೂಢಿಗಳಿವೆ. ಕೆಲವರು ಹೋತ ಹಾರಿದ ದಿನವೇ ಹಿಂಡುವುದನ್ನು ಬಿಟ್ಟು ಮೂರು ತಿಂಗಳ ಹಾಲು ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಈಯುವ ದಿನದವರೆಗೂ ಹಿಂಡಿ ಮರಿಯನ್ನೇ ಕಳೆದುಕೊಳ್ಳುತ್ತಾರೆ. ಆಡಿನ ಗಬ್ಬದ ಕಾಲ ಸುಮಾರು 150 ದಿನ. ಇದರಲ್ಲಿ ಮೊದಲ ಮೂರು ತಿಂಗಳು ಹಿಂಡಿರಿ, ಕೊನೆಯ ಎರಡು ತಿಂಗಳು ಕೈಬಿಡಿರಿ. ಈ ಒಂದು ಮಾತು ನೆನಪಿದ್ದರೆ ಸಾಕು.

ಬೆದೆಯ ದಿನಗಳಲ್ಲಿ

ಚಳಿದೇಶಗಳ ಆಡುಗಳು ಹಗಲು ಕಿರಿದಾಗುವ ಕಾಲದಲ್ಲಿ ಮಾತ್ರ ಬೆದೆಗೆ ಬರುತ್ತವೆ. ನಮ್ಮ ಆಡುಗಳಿಗೆ ಅಂಥ ಕಟ್ಟುನಿಟ್ಟಿಲ್ಲ. ವರ್ಷದ ಯಾವ ಕಾಲದಲ್ಲಾದರೂ ಬೆದೆಗೆ ಬರುತ್ತವೆ. ಆದರೂ ಮಳೆ ಬಿದ್ದು ಹಸಿರು ಚಿಗುರಿದಾಗ ಹೆಚ್ಚು. ಬೆದೆ ಸುಮಾರು 21 ದಿನಕ್ಕೊಮ್ಮೆ ಮರಳುತ್ತದೆ, ಒಂದರಿಂದ ಒಂದೂವರೆ ದಿನ ಇರುತ್ತದೆ.

ಬೆದೆಗೆ ಬಂದ ಆಡು ಕೂಗುತ್ತದೆ, ಬಾಲ ಅಲ್ಲಾಡಿಸುತ್ತದೆ, ಮೇವು ಬಿಡುತ್ತದೆ. ಆ ದಿನ ಹಾಲು ಕಡಿಮೆಯಾದರೆ ಗಾಬರಿಯಾಗಬೇಡಿರಿ. ಒಂದೆರಡು ದಿನಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹೋತಕ್ಕೆ ಬಿಡಿರಿ.

ಹಿಂಡುವ ಆಡುಗಳ ನಡುವೆ ಹೋತವನ್ನು ಕಟ್ಟಬೇಡಿರಿ. ಬೆದೆಗಾಲದಲ್ಲಿ ಹೋತದ ಮೈವಾಸನೆ ಹಾಲಿಗೆ ಹತ್ತುತ್ತದೆ. ಆಡಿನ ಹಾಲು ನಾರುತ್ತದೆ ಎಂಬ ದೂರಿಗೆ ಹಲವು ಸಲ ಇದೇ ಕಾರಣ. ಹೋತವನ್ನು ಮುಟ್ಟಿದ ಕೈಯನ್ನು ತೊಳೆದೇ ಕೆಚ್ಚಲಿಗೆ ಕೈ ಹಾಕಿರಿ.

ತಾರೀಖು ಗೋಡೆಯ ಮೇಲಿರಲಿ

ಯಾವಾಗ ಗಬ್ಬ ಕಟ್ಟಿತು ಎಂಬುದು ಗೊತ್ತಿಲ್ಲದಿದ್ದರೆ ಯಾವಾಗ ಹಿಂಡುವುದನ್ನು ನಿಲ್ಲಿಸಬೇಕೆಂಬುದೂ ಗೊತ್ತಾಗದು. ಹೋತ ಹಾರಿದ ತಾರೀಖನ್ನು ಮಸಿಯಿಂದಲೋ ಸುಣ್ಣದಿಂದಲೋ ಗೋಡೆಯ ಮೇಲೆ ಬರೆದಿಡಿರಿ. ಹೋತ ಹಿಂಡಿನಲ್ಲೇ ಮೇಯುವುದಾದರೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಅದರ ಎದೆಗೆ ಹಚ್ಚಿರಿ. ಹಾರಿದ ಆಡಿನ ಬೆನ್ನ ಹಿಂಭಾಗಕ್ಕೆ ಬಣ್ಣ ಹತ್ತುತ್ತದೆ. ಸಂಜೆ ಹಿಂಡು ಮನೆಗೆ ಬಂದಾಗ ನೋಡಿದರೆ ತಿಳಿಯುತ್ತದೆ. 21 ದಿನಗಳ ನಂತರ ಮತ್ತೆ ಬೆದೆಗೆ ಬಾರದಿದ್ದರೆ ಗಬ್ಬ ನಿಂತಿರುವ ಸಂಭವ ಹೆಚ್ಚು. ಬರೀ ಹಾಲು ಇಳಿಯಿತೆಂದು ಗಬ್ಬವೆಂದು ತೀರ್ಮಾನಿಸಬೇಡಿರಿ. ಮೇವು ಕಡಿಮೆಯಾದರೂ ಹಾಲು ಇಳಿಯುತ್ತದೆ.

ಎರಡು ಲೆಕ್ಕ ನೋಡಿರಿ. ಮೃಗಶಿರಾ ಮಳೆಯಲ್ಲಿ, ಜೂನ್ 15ಕ್ಕೆ ಹೋತ ಹಾರಿದರೆ ಸೆಪ್ಟೆಂಬರ್ 13ಕ್ಕೆ 90 ದಿನ ತುಂಬುತ್ತದೆ. ನವೆಂಬರ್ 12ರ ಹೊತ್ತಿಗೆ ಆಡು ಈಯುತ್ತದೆ. ಕೊನೆಯ ಎರಡು ತಿಂಗಳು ಹೊಲದ ಬದುವಿನಲ್ಲಿ ಹಸಿರು ಸಿಗುತ್ತದೆ. ನವೆಂಬರ್ 1ಕ್ಕೆ ಹಾರಿದರೆ ಜನವರಿ 30ಕ್ಕೆ 90 ದಿನ, ಮಾರ್ಚ್ ಕೊನೆಗೆ ಈಯುತ್ತದೆ. ಮರಿ ಬೆಳೆಯುವ ಫೆಬ್ರವರಿ, ಮಾರ್ಚ್‌ನಲ್ಲಿ ಅಡವಿ ಬರಿದಾಗಿರುತ್ತದೆ. ಅಂಥ ಆಡಿಗೆ ಶೇಂಗಾ ಬಳ್ಳಿ, ಕಡಲೆ ಹೊಟ್ಟು, ತೊಗರಿ ಹೊಟ್ಟುಗಳನ್ನು ಸುಗ್ಗಿಯಲ್ಲೇ ಕೂಡಿಡಬೇಕು.

ಮೊದಲ ಮೂರು ತಿಂಗಳು

ಈ ಕಾಲದಲ್ಲಿ ಹೊಟ್ಟೆಯೊಳಗಿನ ಮರಿ ಬಹಳ ಚಿಕ್ಕದು. ಅದಕ್ಕೆ ಬೇಕಾದ ಆಹಾರವೂ ಅಲ್ಪ. ಮೇವು ಸರಿಯಾಗಿದ್ದರೆ ಹಿಂಡುವುದರಿಂದ ಮರಿಗೆ ತೊಂದರೆಯಿಲ್ಲ. ಗಬ್ಬದ ಆಡಿನ ಹಾಲು ಕುಡಿಯಬಾರದೆಂಬುದೂ ಸರಿಯಲ್ಲ. ಕಾಯಿಸಿ ಕುಡಿಯಿರಿ. ಮೇಯ್ದು ಬಂದ ಆಡಿಗೆ ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ದಾಣಿ ಬೇಕು. ನುಚ್ಚಿದ ಮೆಕ್ಕೆಜೋಳ, ಶೇಂಗಾ ಹಿಂಡಿ, ತೌಡು ಬೆರೆಸಿ, ಸ್ವಲ್ಪ ಉಪ್ಪು ಮತ್ತು ಖನಿಜ ಮಿಶ್ರಣ ಸೇರಿಸಿರಿ.

ಜಂತಿನ ಔಷಧಿಯ ವಿಷಯದಲ್ಲಿ ಎಚ್ಚರವಿರಲಿ. ಗಬ್ಬದ ಮೊದಲ ದಿನಗಳಲ್ಲಿ ಅಲ್ಬೆಂಡಜೋಲ್ ಕುಡಿಸಬಾರದು. ಹೊಟ್ಟೆಯೊಳಗಿನ ಮರಿ ಕೆಡುತ್ತದೆ. ಗಂಗಾವತಿ ಕಡೆ ಕಾಲುವೆ, ಗದ್ದೆಯ ಬದುವಿನಲ್ಲಿ ಮೇಯುವ ಆಡುಗಳಿಗೆ ಯಕೃತ್ತಿನ ಹುಳುವಿನ ಭಯವಿದೆ. ಅಂಥಲ್ಲಿ ಪಶುವೈದ್ಯರನ್ನು ಕೇಳಿಯೇ ಔಷಧಿ ಹಾಕಿಸಿರಿ.

ಹಾಲು ಬತ್ತಿಸುವ ಕ್ರಮ

ಹುಟ್ಟುವಾಗ ಮರಿಗಿರುವ ತೂಕದ ಸುಮಾರು ಮುಕ್ಕಾಲು ಪಾಲು ಬೆಳೆಯುವುದು ಕೊನೆಯ ಎರಡು ತಿಂಗಳಲ್ಲಿ. ಕೆಚ್ಚಲು ಸಹ ವಿಶ್ರಾಂತಿ ಪಡೆದು ಮುಂದಿನ ಹಯನಕ್ಕೆ ಸಿದ್ಧವಾಗುವುದು ಆಗಲೇ. ಆದ್ದರಿಂದ 90 ದಿನ ತುಂಬಿದೊಡನೆ ಬತ್ತಿಸಲು ಹೊರಡಿರಿ.

ಮೊದಲು ದಾಣಿ ಕಡಿಮೆ ಮಾಡಿರಿ. ಒಣಮೇವು ಇರಲಿ, ನೀರು ತಪ್ಪಿಸಬೇಡಿರಿ. ಎರಡು ಹೊತ್ತು ಹಿಂಡುತ್ತಿದ್ದರೆ ಒಂದು ಹೊತ್ತಿಗೆ ಇಳಿಸಿರಿ. ಕೆಲವು ದಿನಗಳ ನಂತರ ದಿನ ಬಿಟ್ಟು ದಿನ ಹಿಂಡಿ, ಆಮೇಲೆ ಪೂರ್ತಿ ನಿಲ್ಲಿಸಿರಿ. ದಿನಕ್ಕೆ ಒಂದು ಲೋಟ ಮಾತ್ರ ಕೊಡುವ ಆಡಾದರೆ ಒಮ್ಮೆಲೇ ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಎರಡು ಮೂರು ದಿನ ಕೆಚ್ಚಲು ಬಿಗಿಯುತ್ತದೆ. ಮರುಕಪಟ್ಟು ಹಿಂಡಬೇಡಿರಿ. ಆ ಬಿಗಿತದಿಂದಲೇ ಹಾಲು ಬತ್ತುತ್ತದೆ. ಆದರೆ ಕೆಚ್ಚಲು ಬಿಸಿಯಾಗಿ ಕೆಂಪೇರಿದರೆ, ಹಾಲಿನಲ್ಲಿ ಗರಣೆ ಅಥವಾ ರಕ್ತ ಕಂಡರೆ ಅದು ಕೆಚ್ಚಲು ಬಾವು. ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ.

ಕೊನೆಯ ಎರಡು ತಿಂಗಳು

ಹಾಲು ಬತ್ತಿದ ಮೇಲೆ ದಾಣಿ ಮತ್ತೆ ಏರಿಸಿರಿ. ಕೊನೆಯ ಒಂದೂವರೆ ತಿಂಗಳು ದಿನಕ್ಕೆ 200ರಿಂದ 250 ಗ್ರಾಂ ಕೊಡಿರಿ. ಹಾಲಿಲ್ಲದ ಆಡಿಗೆ ದಾಣಿ ಯಾಕೆ ಎನ್ನಬೇಡಿರಿ. ಅವಳಿ ಮರಿ ಹೊತ್ತ ಆಡಿಗೆ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆ, ದೇಹಕ್ಕೆ ಬೇಕಾದ ಶಕ್ತಿ ಹೆಚ್ಚು. ಆಹಾರ ಸಾಲದಿದ್ದರೆ ಅದು ಮಂಕಾಗಿ, ಮೇವು ಬಿಟ್ಟು, ನೆಲ ಹಿಡಿಯುತ್ತದೆ. ಬನ್ನಿ, ಜಾಲಿ, ಬೇವಿನ ಸೊಪ್ಪು, ಜಾಲಿಕಾಯಿ ಕೊಡಿರಿ. ಸುಬಾಬುಲ್ ಸೊಪ್ಪು ಮೇವಿನ ಮೂರನೆಯ ಒಂದು ಪಾಲು ಮೀರದಿರಲಿ. ದೂರದ ಅಡವಿಗೆ ಅಟ್ಟಬೇಡಿರಿ. ಈಯುವುದಕ್ಕೆ ಮೂರು ನಾಲ್ಕು ವಾರ ಮೊದಲು ಕರುಳುಬೇನೆ ಲಸಿಕೆ ಹಾಕಿಸಿದರೆ ಅದರ ಬಲ ಗಿಣ್ಣದ ಹಾಲಿನ ಮೂಲಕ ಮರಿಗೂ ದೊರೆಯುತ್ತದೆ.

ಈಯುವ ಮುನ್ನ ಕೆಚ್ಚಲು ತುಂಬಿದೆಯೆಂದು ಹಿಂಡಬೇಡಿರಿ. ಅದು ಗಿಣ್ಣದ ಹಾಲು, ಮರಿಯ ಪಾಲು. ಹುಟ್ಟಿದ ಒಂದು ತಾಸಿನೊಳಗೆ ಮರಿಗೆ ಮೊಲೆ ಹಿಡಿಸಿರಿ. ಎರಡು ಕಿಲೋ ತೂಗುವ ಮರಿಗೆ ಮೊದಲ ದಿನ ಕಡಿಮೆಯೆಂದರೂ 200 ಮಿಲಿ ಗಿಣ್ಣದ ಹಾಲು ಬೇಕು.

ಲಾಭ ಯಾವುದು?

ಕೊನೆಯ ಎರಡು ತಿಂಗಳು ದಿನಕ್ಕೆ ಕಾಲು ಲೀಟರಿನಂತೆ ಹಿಂಡಿದರೂ ಸಿಗುವುದು 15 ಲೀಟರ್ ಹಾಲು. ಅದಕ್ಕಾಗಿ ಬಡಕಲು ಮರಿ, ಸೊರಗಿದ ತಾಯಿ, ಮುಂದಿನ ಹಯನದಲ್ಲಿ ಕಡಿಮೆ ಹಾಲು, ಈ ಮೂರೂ ನಷ್ಟವನ್ನು ಹೊರಬೇಕು. ಮನೆಯಲ್ಲಿ ಎರಡು ಆಡುಗಳಿದ್ದರೆ ಮೂರು ನಾಲ್ಕು ತಿಂಗಳ ಅಂತರದಲ್ಲಿ ಹೋತಕ್ಕೆ ಬಿಡಿರಿ. ಒಂದು ಬತ್ತಿದಾಗ ಇನ್ನೊಂದು ಹಿಂಡುತ್ತಿರುತ್ತದೆ. ಕೂಸಿನ ಹಾಲೂ ತಪ್ಪದು, ಮರಿಯ ಪಾಲೂ ತಪ್ಪದು.

ಗಬ್ಬದ ಆಡು ಕಂದು ಹಾಕಿದರೆ ಬರಿಗೈಯಿಂದ ಮುಟ್ಟಬೇಡಿರಿ. ಆ ರೋಗ ಮನುಷ್ಯರಿಗೂ ಅಂಟಬಹುದು. ಸಮೀಪದ ಪಶು ಆಸ್ಪತ್ರೆಗೆ ತಿಳಿಸಿರಿ.