ಸಂಜೆಯ ಅರ್ಧ ಗಂಟೆ: ಮನಸ್ಸು ತಣಿಸುವ ಆಟ ಯಾವುದು?

ಮಳೆಗಾಲ ಮುಗಿಯುತ್ತಾ ಬಂದ ಅಕ್ಟೋಬರ್ ತಿಂಗಳು. ಮಧ್ಯಾಹ್ನ ಸುಡುಬಿಸಿಲು, ಸಂಜೆಯಾಗುತ್ತಲೇ ಘಟ್ಟದ ಕಡೆಯಿಂದ ಗುಡುಗು. ಬಲ್ಮಠದ ಏರಿನಲ್ಲಿ ಸಿಟಿ ಬಸ್ಸುಗಳು ಏದುಸಿರು ಬಿಡುತ್ತಾ ಹತ್ತುತ್ತಿರುತ್ತವೆ. ಆರೂಕಾಲರ ಹೊತ್ತಿಗೆ ಕತ್ತಲು ಕವಿಯುತ್ತದೆ. ಮಗ್ರಿಬ್ ನಮಾಝ್ ಮುಗಿಸಿ, ಮಕ್ಕಳನ್ನು ಪುಸ್ತಕದ ಮುಂದೆ ಕೂರಿಸಿ, ರಾತ್ರಿಯ ಅಡುಗೆಗೆ ಕೈ ಹಾಕುವ ಮೊದಲು ನಿಮಗಾಗಿಯೇ ಉಳಿಯುವ ಸಮಯವೆಷ್ಟು? ಹೆಚ್ಚೆಂದರೆ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ನೀವು ಏನು ಮಾಡುತ್ತೀರಿ?

ನಮ್ಮ ಕಟ್ಟಡದಲ್ಲಿರುವ ಸಹೋದರಿಯೊಬ್ಬರು ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಆಟವಾಡುತ್ತಾರೆ. ಬಣ್ಣದ ಗುಂಡುಗಳನ್ನು ಜೋಡಿಸುವ ಆಟ. ಅತ್ತೆಯ ಹೆಜ್ಜೆ ಸಪ್ಪಳ ಕೇಳಿದೊಡನೆ ಫೋನನ್ನು ದಿಂಬಿನಡಿಗೆ ಸರಿಸುತ್ತಾರೆ. "ಮೂರು ಮಕ್ಕಳ ತಾಯಿ ಆಟವಾಡುತ್ತಾಳೆ ಎಂದರೆ ಜನ ನಗುವುದಿಲ್ಲವೇ?" ಎಂದು ಅವರು ನನ್ನಲ್ಲಿ ಕೇಳಿದಾಗ ನನಗೆ ನಗು ಬರಲಿಲ್ಲ. ಗಂಡಸರು ಅಂಗಡಿ ಮುಚ್ಚಿ ಬಂದು ಕ್ರಿಕೆಟ್ ನೋಡಿದರೆ ಅದು ದಣಿವಾರಿಸಿಕೊಳ್ಳುವುದು. ಹೆಣ್ಣೊಬ್ಬಳು ಇಪ್ಪತ್ತು ನಿಮಿಷ ಕುಳಿತು ಆಡಿದರೆ ಅದು ಸೋಮಾರಿತನ. ಇದು ಯಾವ ನ್ಯಾಯ?

ಆದರೆ ಅವರ ಮಾತು ಅಲ್ಲಿಗೇ ಮುಗಿಯಲಿಲ್ಲ. "ಆಡಿ ಎದ್ದ ಮೇಲೆ ತಲೆ ಇನ್ನಷ್ಟು ಭಾರವಾಗುತ್ತದೆ. ಸೋತರೆ ನಿದ್ದೆ ಬರುವುದಿಲ್ಲ. ಹೋದ ತಿಂಗಳು ಆಟ ಮುಂದುವರಿಸಲು ನಾಲ್ಕೈದು ಸಲ ದುಡ್ಡೂ ಹಾಕಿದೆ. ಮನೆಯವರಿಗೆ ಹೇಳಿಲ್ಲ" ಎಂದರು. ವಿಶ್ರಾಂತಿಗೆಂದು ಹಿಡಿದ ಆಟವೇ ಗುಟ್ಟಾಗಿ, ಭಾರವಾಗಿ ಕೂತಿತ್ತು. ಹಾಗಾದರೆ ಆಟವಾಡುವುದೇ ತಪ್ಪೇ? ಅಥವಾ ಆಟದ ಆಯ್ಕೆ ತಪ್ಪೇ?

ಅಜ್ಜಿಯರೂ ಆಡಿದ್ದರು

ನಮ್ಮ ತುಳುನಾಡಿನ ಹೆಂಗಸರಿಗೆ ಆಟ ಹೊಸತೇನಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ಗದ್ದೆ ಕೆಲಸವಿಲ್ಲದಾಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4 ಕಾಯಿಯಂತೆ ಒಟ್ಟು 56 ಕಾಯಿ. ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತಾ ಹೋಗುವುದು. ಇದೇ ಬಗೆಯ ಆಟ ಆಫ್ರಿಕಾದಲ್ಲೂ ಅರಬ್ ನಾಡುಗಳಲ್ಲೂ ಇದೆ. ಜಗತ್ತು ಅದನ್ನು 'ಮಂಕಲ' ಎಂದು ಕರೆಯುತ್ತದೆ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸು ಎಂಬರ್ಥದ 'ನಕಲ' ಎಂಬ ಅರಬಿ ಪದದಿಂದ ಆ ಹೆಸರು ಬಂದಿದೆ.

ಅದೇ ಚೆನ್ನೆಮಣೆಯ ಬಗ್ಗೆ ಹಿರಿಯರಿಗೆ ಒಂದು ಭಯವೂ ಇತ್ತು. ತುಳುವಿನ ಸಿರಿ ಪಾಡ್ದನದಲ್ಲಿ ಸಿರಿಯ ಮೊಮ್ಮಕ್ಕಳಾದ ಅಬ್ಬಗ-ದಾರಗ ಎಂಬ ಅವಳಿಗಳು ಚೆನ್ನೆಯಾಡಲು ಕೂರುತ್ತಾರೆ. ಸೋಲು ಗೆಲುವಿನ ಮಾತು ಜಗಳಕ್ಕೆ ತಿರುಗಿ, ಅಕ್ಕ ಮಣೆಯಿಂದಲೇ ತಂಗಿಗೆ ಹೊಡೆದು ಸಾಯಿಸುತ್ತಾಳೆ. ಮತ್ತೆ ದುಃಖ ತಾಳಲಾರದೆ ತಾನೂ ಬಾವಿಗೆ ಹಾರುತ್ತಾಳೆ. ಅಕ್ಕ ತಂಗಿಯರು ಎದುರುಬದುರು ಕೂತು ಚೆನ್ನೆಯಾಡಬಾರದು ಎಂಬ ಮಾತು ಊರಿನಲ್ಲಿ ಉಳಿದದ್ದು ಹೀಗೆ. ಮನಸ್ಸನ್ನು ಹಗುರ ಮಾಡುವ ಆಟವೇ ಮನಸ್ಸನ್ನು ಕೆಡಿಸಲೂಬಲ್ಲದು ಎಂಬುದು ನಮ್ಮ ನೆಲಕ್ಕೆ ಮೊದಲೇ ತಿಳಿದಿತ್ತು.

ಆಮೇಲೆ ಕಾಲ ಬದಲಾಯಿತು. ಗಲ್ಫ್‌ನಿಂದ ಬಂದ ಮಾವನ ಪೆಟ್ಟಿಗೆಯಲ್ಲಿ ಅತ್ತರು, ಟ್ಯಾಂಗ್ ಡಬ್ಬಿಗಳ ನಡುವೆ ಬ್ಯಾಟರಿ ಹಾಕುವ 'ಬ್ರಿಕ್ ಗೇಮ್' ಬಂದದ್ದು ನಿಮಗೆ ನೆನಪಿರಬಹುದು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಕೂರಿಸುವ ಆಟ. ಅದರ ಮೂಲ 'ಟೆಟ್ರಿಸ್'. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿತ್ನೋವ್ ಎಂಬ ಕಂಪ್ಯೂಟರ್ ತಜ್ಞ ಅದನ್ನು ರಚಿಸಿದ. ನಾಲ್ಕು ನಾಲ್ಕು ಚೌಕಗಳಿಂದಾದ ಏಳೇ ಏಳು ಆಕಾರಗಳು, ಜಗತ್ತೆಲ್ಲ ಮರುಳಾಯಿತು. 1997ರಲ್ಲಿ ನೋಕಿಯಾ ಫೋನಿಗೆ ಹಾವಿನ ಆಟ ಬಂತು. ಅಲ್ಲಿಂದ ಆಟವೆಂಬುದು ನಮ್ಮ ಕೈಯೊಳಗೇ ಬಂದು ಕುಳಿತಿತು.

ಸಂಶೋಧನೆ ಏನು ಹೇಳುತ್ತದೆ?

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಸುಮಾರು 39 ಸಾವಿರ ಆಟಗಾರರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಎಷ್ಟು ಹೊತ್ತು ಆಡಿದರು ಎಂಬುದರಿಂದ ಮನಸ್ಸಿನ ನೆಮ್ಮದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಬೇರೆ ಕಡೆ. ತಮಗೆ ಇಷ್ಟವಾಗಿ ಆಡಿದವರು ನೆಮ್ಮದಿಯಾಗಿದ್ದರು. ಆಡಲೇಬೇಕು ಎಂಬ ಒತ್ತಾಯಕ್ಕೆ ಒಳಗಾಗಿ ಆಡಿದವರು ಅಷ್ಟು ನೆಮ್ಮದಿಯಾಗಿರಲಿಲ್ಲ.

ನಮ್ಮ ಆ ಸಹೋದರಿಯ ಸಮಸ್ಯೆಯ ಬೇರು ಇಲ್ಲೇ ಇದೆ. ಅವರು ಆಡುತ್ತಿದ್ದಂಥ ಆಟಗಳಲ್ಲಿ ಸೋತರೆ ಒಂದು 'ಜೀವ' ಹೋಗುತ್ತದೆ. ಜೀವಗಳೆಲ್ಲ ಮುಗಿದರೆ ಕಾಯಬೇಕು, ಕಾಯಲಾಗದಿದ್ದರೆ ದುಡ್ಡು ಕೊಡಬೇಕು. ಇವತ್ತು ತೆರೆಯದಿದ್ದರೆ ಬಹುಮಾನ ತಪ್ಪುತ್ತದೆ ಎಂದು ಫೋನೇ ಬಂದು ಕರೆಯುತ್ತದೆ. ಆಡಬೇಕೆಂದು ನೀವು ಕೂರುವುದಲ್ಲ, ಆಟವೇ ನಿಮ್ಮನ್ನು ಹಿಡಿದು ಕೂರಿಸುವುದು. ಅದರಲ್ಲಿ ವಿಶ್ರಾಂತಿ ಎಲ್ಲಿಂದ ಬರಬೇಕು?

ಹಗುರವಾದ ಕೆಲವು ಆಟಗಳು

ಹಾಗಾದರೆ ಎಂಥ ಆಟ ಒಳ್ಳೆಯದು? ಮೂರು ಹೆಸರುಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು 'ಸ್ಟಾರ್ಡ್ಯೂ ವ್ಯಾಲಿ'. ಅಮೆರಿಕದ ಎರಿಕ್ ಬರೋನ್ ಎಂಬ ಯುವಕ ಚಿತ್ರ, ಸಂಗೀತ, ಕತೆ ಎಲ್ಲವನ್ನೂ ಒಬ್ಬನೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಮಾಡಿ 2016ರಲ್ಲಿ ಹೊರತಂದ ಆಟ. ಆಂಡ್ರಾಯ್ಡ್ ಫೋನಿಗೆ 2019ರಲ್ಲಿ ಬಂತು. ಪಟ್ಟಣದ ಕಚೇರಿ ಕೆಲಸದಿಂದ ಬೇಸತ್ತವರೊಬ್ಬರಿಗೆ ಅಜ್ಜನ ಪಾಳುಬಿದ್ದ ಜಮೀನು ಸಿಗುತ್ತದೆ. ಕಳೆ ಕೀಳುವುದು, ಬೀಜ ಹಾಕುವುದು, ನೀರುಣಿಸುವುದು, ಕೋಳಿ ಸಾಕುವುದು, ಮೀನು ಹಿಡಿಯುವುದು. ಅಲ್ಲಿ 28 ದಿನಕ್ಕೊಂದು ಋತು. ಶರತ್ಕಾಲ ಬಂದರೆ ಮರಗಳೆಲ್ಲ ಕೆಂಪಾಗಿ, ಗದ್ದೆಯಲ್ಲಿ ಸಿಹಿಗುಂಬಳ ಬಲಿಯುತ್ತದೆ. ಆಟದ ಒಂದು ಇಡೀ ದಿನ ನಮ್ಮ ಸುಮಾರು 14 ನಿಮಿಷದಲ್ಲಿ ಮುಗಿಯುವುದರಿಂದ ಎರಡು ದಿನ ಬೇಸಾಯ ಮಾಡಿ ಎದ್ದರೆ ಅರ್ಧ ಗಂಟೆ. ಒಮ್ಮೆ ಕೊಂಡರೆ ಮತ್ತೆ ದುಡ್ಡು ಕೇಳುವುದಿಲ್ಲ. ಆದರೆ ಒಂದು ಮಾತು: ಆ ಆಟದ ಊರಿನಲ್ಲಿ ಮದ್ಯದಂಗಡಿಯಿದೆ, ಮುಂದೆ ಹೋದರೆ ಜೂಜಿನ ಅಡ್ಡೆಯೂ ಸಿಗುತ್ತದೆ. ಅತ್ತ ಹೋಗದೆಯೂ ಬೇಸಾಯ ನಡೆಯುತ್ತದೆ. ಮಕ್ಕಳ ಕೈಗೆ ಕೊಡುವ ಮೊದಲು ಇದು ನಿಮಗೆ ತಿಳಿದಿರಲಿ.

ಎರಡನೆಯದು 2014ರಲ್ಲಿ ಲಂಡನ್ನಿನಿಂದ ಬಂದ 'ಮಾನ್ಯುಮೆಂಟ್ ವ್ಯಾಲಿ'. ಐಡಾ ಎಂಬ ಪುಟ್ಟ ರಾಜಕುಮಾರಿಯನ್ನು ಗುಮ್ಮಟ, ಕಮಾನು, ಮೆಟ್ಟಿಲುಗಳ ನಡುವೆ ನಡೆಸಿಕೊಂಡು ಹೋಗುವುದೇ ಆಟ. ಬೆರಳಿನಿಂದ ಗೋಪುರವನ್ನು ತಿರುಗಿಸಿದರೆ ಇಲ್ಲದ ದಾರಿ ಕೂಡಿಕೊಳ್ಳುತ್ತದೆ. ಗಡಿಯಾರದ ಓಟವಿಲ್ಲ, ಅಂಕವಿಲ್ಲ. ಹತ್ತು ಅಧ್ಯಾಯ ಮುಗಿದರೆ ಆಟವೂ ಮುಗಿಯಿತು. ಮುಗಿಯುವ ಆಟ ಎಂಬುದೇ ಈಗ ಅಪರೂಪ.

ಮೂರನೆಯದು 2018ರ 'ಆಲ್ಟೋಸ್ ಒಡಿಸ್ಸಿ'. ಮರಳುಗುಡ್ಡಗಳ ಮೇಲೆ ಹಲಗೆಯಲ್ಲಿ ಜಾರುತ್ತಾ ಹೋಗುವುದು. ಹಗಲು ಸಂಜೆಯಾಗುತ್ತದೆ, ಮಳೆ ಬರುತ್ತದೆ, ನಕ್ಷತ್ರ ಮೂಡುತ್ತದೆ. ಅದರಲ್ಲಿ 'ಝೆನ್' ಎಂಬ ವಿಭಾಗವಿದೆ. ಅಲ್ಲಿ ನಾಣ್ಯವೂ ಇಲ್ಲ, ಅಂಕವೂ ಇಲ್ಲ. ಬಿದ್ದರೆ ಎದ್ದು ಮತ್ತೆ ಹೊರಡುವುದಷ್ಟೆ.

ಇವು ಯಾವುದೂ ಬೇಡವೆಂದರೆ ಲೂಡೋ ಇದೆ. ಅದು ನಮ್ಮ ಪಗಡೆಯ ಕುಲದ ಆಟ. 2020ರ ಲಾಕ್‌ಡೌನ್ ದಿನಗಳಲ್ಲಿ ಮುಂಬೈಯವರು ತಯಾರಿಸಿದ 'ಲೂಡೋ ಕಿಂಗ್' ಮನೆಮನೆಯನ್ನೂ ಹೊಕ್ಕಿತ್ತು. ದುಬೈಯ ಮಗಳು, ಊರಿನ ಉಮ್ಮ ಒಂದೇ ಹಾಸಿನ ಮೇಲೆ ಆಡಬಹುದು. ನಡುನಡುವೆ ಬರುವ ಜಾಹೀರಾತುಗಳನ್ನು ಮಾತ್ರ ಮುಟ್ಟದಿರಿ.

ಎಚ್ಚರದ ಗೆರೆ

ದುಡ್ಡು ಪಣವಿಡುವ ಆಟ ಆಟವಲ್ಲ, ಜೂಜು. ಅದು ನಮಗೆ ನಿಷಿದ್ಧವೆಂಬುದು ಗೊತ್ತೇ ಇದೆ. ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕೌಶಲದ ಆಟವೆಂದು ಹೇಳಿಕೊಂಡರೂ ವಿನಾಯಿತಿಯಿಲ್ಲ. ನಿಮ್ಮ ಮನೆಯ ಹುಡುಗರಿಗೂ ಇದನ್ನು ತಿಳಿಸಿ.

ಇನ್ನು ಚಟದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು. ಇವು ಸಾಮಾನ್ಯವಾಗಿ ಒಂದು ವರ್ಷ ಮುಂದುವರಿದರೆ ಅದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು 'ಶಟ್' ಎಂಬ ಚಿಕಿತ್ಸಾಲಯವಿದೆ. ಅಲ್ಲಿಗೆ ಹೋಗುವುದು ನಾಚಿಕೆಯ ವಿಷಯವಲ್ಲ.

ಆಟ ಆರಿಸುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ದುಡ್ಡು ಕೇಳುತ್ತದೆಯೇ? ಅಝಾನ್ ಕೇಳಿದಾಗ, ಕುಕ್ಕರ್ ಕೂಗಿದಾಗ ನಷ್ಟವಿಲ್ಲದೆ ನಿಲ್ಲಿಸಬಹುದೇ? ಆಡದ ದಿನ ನನ್ನನ್ನು ಬಂದು ಕರೆಯುತ್ತದೆಯೇ? ಎದ್ದಾಗ ಮನಸ್ಸು ಕೂತಾಗಿನದಕ್ಕಿಂತ ಹಗುರವಾಗಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದರೆ ಆಟ ಎಷ್ಟೇ ಹೆಸರುವಾಸಿಯಾಗಿರಲಿ, ತೆಗೆದುಹಾಕಿ.

ನಮ್ಮ ಸಹೋದರಿ ಆ ಬಣ್ಣದ ಗುಂಡುಗಳನ್ನು ಫೋನಿನಿಂದ ತೆಗೆದರು. ದುಡ್ಡಿನ ವಿಷಯವನ್ನು ಗಂಡನಿಗೂ ಹೇಳಿದರು. ಒಂದು ಮಾತಿನ ಬೇಸರ, ಮತ್ತೆ ಎಲ್ಲ ಸರಿಯಾಯಿತು. ಈಗ ಸಂಜೆ ಬೇಸಾಯ ನಡೆಯುತ್ತಿದೆ. ಮೊನ್ನೆ ಹೋದಾಗ ಅವರ ಅತ್ತೆ ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಕೂತಿದ್ದರು. "ಆ ಕೊನೆಯ ಸಾಲಿಗೆ ನೀರೇ ಹಾಕಲಿಲ್ಲ ನೋಡು ಮೋಳೆ" ಎಂದು ಸೊಸೆಗೆ ತೋರಿಸುತ್ತಿದ್ದರು. ಫೋನು ದಿಂಬಿನಡಿಯಲ್ಲಿರಲಿಲ್ಲ.

ಸಹೋದರಿಯರೇ, ದಿನವಿಡೀ ದುಡಿಯುವ ದೇಹಕ್ಕೂ ಮನಸ್ಸಿಗೂ ನಿಮ್ಮ ಮೇಲೆ ಹಕ್ಕಿದೆ. ಆ ಅರ್ಧ ಗಂಟೆಯನ್ನು ಕದ್ದು ತೆಗೆದುಕೊಳ್ಳಬೇಡಿ, ಕೇಳಿ ತೆಗೆದುಕೊಳ್ಳಿ. ಬಟ್ಟೆ ಹೊಲಿಯಿರಿ, ಓದಿರಿ, ಬೇಕಾದರೆ ಆಟವಾಡಿರಿ. ಯಾವುದೇ ಇರಲಿ, ಆಯ್ಕೆ ನಿಮ್ಮದಾಗಿರಲಿ.